ನೈಸ್ ಅಂದರೆ ದಡ್ಡ ಅಂತಲೇ?

ಹೋದ ತಿಂಗಳ ಅಂಕಣದಲ್ಲಿ ಮಾತಿನ ಮಧ್ಯೆ ಯಾರನ್ನೋ ‘ನೈಸ್ ಮನುಷ್ಯ’ ಅಂತ ಬರೆದಿದ್ದೆ. ಅಷ್ಟೇ. ಅದಕ್ಕೆ ಬಂದ ಪತ್ರಗಳನ್ನು ನೋಡಿದರೆ ಈ ಸಲ ಬೇರೆ ಪದಕ್ಕೆ ಜಾಗವೇ ಉಳಿದಿಲ್ಲ. ಬೈಗುಳದ ಪತ್ರಗಳನ್ನು ಪಕ್ಕಕ್ಕಿಟ್ಟಿದ್ದೇನೆ. ಪ್ರಶ್ನೆ ಇರುವವನ್ನು ಒಂದೊಂದಾಗಿ ನೋಡೋಣ.

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಮಕ್ಕಳ ನೋಟ್‌ಬುಕ್ಕಿನಲ್ಲಿ ‘ನೈಸ್’ ಅಂತ ಬರೆದು ಸಹಿ ಹಾಕುವುದು ನನ್ನ ರೂಢಿ. ಮೊನ್ನೆ ಸ್ಟಾಫ್ ರೂಮಿನಲ್ಲಿ ಒಬ್ಬರು, ‘ನೈಸ್ ಪದದ ನಿಜವಾದ ಅರ್ಥ ದಡ್ಡ ಅಂತ, ನೀವು ಮಕ್ಕಳನ್ನು ಬೈತಾ ಇದ್ದೀರಿ’ ಅಂದುಬಿಟ್ಟರು. ಎಲ್ಲರೂ ನಕ್ಕರು. ಇದು ನಿಜವೇ ಅಥವಾ ಮೊಬೈಲಿನಲ್ಲಿ ಓಡಾಡುವ ಕಟ್ಟುಕಥೆಯೇ? (ಒಬ್ಬ ಶಿಕ್ಷಕಿ, ಹಾಸನ)

ಉತ್ತರ: ಅರ್ಧ ನಿಜ ಮೇಡಂ. ‘ಹಳೆಯ ಅರ್ಥ ದಡ್ಡ’ ಅಂದಿದ್ದರೆ ಪೂರ್ತಿ ನಿಜವಾಗುತ್ತಿತ್ತು. ‘ನಿಜವಾದ ಅರ್ಥ’ ಅಂದರಲ್ಲ, ಅಲ್ಲೇ ಅವರು ಜಾರಿದ್ದು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಕಥೆ ಕೇಳಿ, ಚೆನ್ನಾಗಿದೆ.

ಲ್ಯಾಟಿನ್ನಿನಲ್ಲಿ ‘ಸ್ಕೀರೆ’ ಅಂದರೆ ಅರಿಯುವುದು, ತಿಳಿಯುವುದು. ಅದರ ಮೊದಲಿಗೆ ‘ನೆ’ ಸೇರಿಸಿದರೆ ಇಲ್ಲ ಅಂತ ಆಗುತ್ತದೆ. ನಮ್ಮ ಸಂಸ್ಕೃತದ ‘ನ’ ಇದೆಯಲ್ಲ, ಅದರದೇ ನೆಂಟ. ಎರಡೂ ಸೇರಿ ‘ನೆಸ್ಕಿಯುಸ್’, ಅಂದರೆ ಅರಿಯದವನು, ಏನೂ ಗೊತ್ತಿಲ್ಲದವನು. ಇದೇ ಪದ ಹಳೆಯ ಫ್ರೆಂಚಿಗೆ ಬರುವಾಗ ಸವೆದು ಸಣ್ಣಗಾಗಿ ‘ನೀಸ್’ ಆಯಿತು, ಅರ್ಥವೂ ಸ್ವಲ್ಪ ಕೆಳಗಿಳಿದು ‘ಪೆದ್ದ’ ಆಯಿತು. ಗೊತ್ತಿಲ್ಲದವನಿಗೂ ಪೆದ್ದನಿಗೂ ವ್ಯತ್ಯಾಸ ಇದೆ, ಆದರೆ ಊರಿನ ಜನ ಅಷ್ಟೆಲ್ಲ ನೋಡುತ್ತಾರಾ? 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯವರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಪದಗಳು ರಾಶಿ ರಾಶಿಯಾಗಿ ಇಂಗ್ಲಿಷಿಗೆ ಬಂದವು. ಸುಮಾರು 1300ರ ಹೊತ್ತಿಗೆ ನೈಸ್ ಕೂಡ ಅಲ್ಲಿ ಕಾಣಿಸಿಕೊಳ್ಳುತ್ತದೆ, ಅದೇ ಪೆದ್ದ ಅನ್ನುವ ಅರ್ಥದಲ್ಲೇ. ಆ ಶತಮಾನದ ಕವಿ ಚಾಸರ್ ಬರೆದದ್ದರಲ್ಲೂ ‘ನೈಸ್’ ಅಂದರೆ ಬಹಳ ಕಡೆ ದಡ್ಡನೇ. ಸ್ಪ್ಯಾನಿಷ್ ಭಾಷೆಯಲ್ಲಿ ಇವತ್ತಿಗೂ ‘ನೆಸಿಯೊ’ ಅಂದರೆ ಮೂರ್ಖ. ಅಲ್ಲಿ ಅದು ಉದ್ಧಾರ ಆಗಲೇ ಇಲ್ಲ, ಪಾಪ.

ನಿಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರಿಗೆ ಹೇಳಲು ಒಂದು ವಿಷಯ ಕೊಡುತ್ತೇನೆ. ‘ಸೈನ್ಸ್’ ಹುಟ್ಟಿದ್ದೂ ಇದೇ ‘ಸ್ಕೀರೆ’ಯಿಂದ. ಅರಿವು ಸೈನ್ಸ್ ಆಯಿತು, ಅರಿವಿಲ್ಲದ್ದು ನೈಸ್ ಆಯಿತು. ಒಂದೇ ಮನೆಯ ಮಕ್ಕಳು. ಇನ್ನು ‘ಅಜ್ಞ’ ಅನ್ನುವ ನಮ್ಮ ಪದಕ್ಕೂ ಇದಕ್ಕೂ ಅರ್ಥ ಒಂದೇ ಆದರೂ ಬೇರು ಬೇರೆ. ಅಜ್ಞದ ಒಳಗಿರುವ ‘ಜ್ಞಾ’ ಧಾತುವಿನ ನೆಂಟರು ಇಂಗ್ಲಿಷಿನಲ್ಲಿ ‘ಇಗ್ನೊರೆಂಟ್’ ಮತ್ತು ‘ನೋ’. ತಿಳಿದಿದೆ ಅನ್ನುವ ಆ ‘ನೋ’ ಬರೆಯುವಾಗ ಮುಂದೆ ಒಂದು ಕೆ ಅಕ್ಷರ ಸುಮ್ನೆ ಕೂತಿರುತ್ತದಲ್ಲ, ಮಕ್ಕಳು ಯಾಕೆ ಅಂತ ಕೇಳುತ್ತಾರಲ್ಲ, ಅದು ಸುಮ್ನೆ ಕೂತಿಲ್ಲ. ನಮ್ಮ ಜ್ಞಾ ಅನ್ನುವುದರಲ್ಲಿರುವ ಜಕಾರದ ಅಣ್ಣತಮ್ಮ ಅದು. ಒಂದು ಕಾಲದಲ್ಲಿ ಅವರು ಅದನ್ನು ಬಾಯಿಬಿಟ್ಟು ಹೇಳುತ್ತಿದ್ದರು.

ಸರಿ, ಪೆದ್ದ ಹೇಗೆ ಒಳ್ಳೆಯವನಾದ? ಒಂದೇ ದಿನದಲ್ಲಿ ಅಲ್ಲ, ನಾನೂರೈವತ್ತು ವರ್ಷಕ್ಕೂ ಜಾಸ್ತಿ ಹಿಡಿಯಿತು. ಪೆದ್ದುತನದಿಂದ ಹುಚ್ಚಾಟ, ಸೋಗು, ಅತಿಯಾದ ಅಲಂಕಾರ ಅನ್ನುವ ಕಡೆ ಪದ ವಾಲಿತು. ಅಲ್ಲಿಂದ ಇನ್ನೊಂದು ದಾರಿ ಹಿಡಿದು ಅತಿ ನಾಚಿಕೆಯವರು, ಅತಿ ಸೂಕ್ಷ್ಮದವರು, ಯಾವುದನ್ನೂ ಸುಲಭಕ್ಕೆ ಒಪ್ಪದವರು ಅಂತಾಯಿತು. ಮೊಸರಲ್ಲಿ ಕಲ್ಲು ಹುಡುಕುವವರು ಅನ್ನುತ್ತೇವಲ್ಲ, ಅಂಥವರು. ಇಲ್ಲಿಯ ತನಕ ಇದು ಬೈಗುಳವೇ. ತಿರುವು ಬಂದದ್ದು ಇದರ ನಂತರ. ಮೊಸರಲ್ಲಿ ಕಲ್ಲು ಹುಡುಕಿದರೆ ಕಿರಿಕಿರಿ, ಅದೇ ಮನುಷ್ಯ ಅಕ್ಕಿಯಲ್ಲಿ ಕಲ್ಲು ಹುಡುಕಿದರೆ? ಅವನಷ್ಟು ಬೇಕಾದವನು ಮನೆಯಲ್ಲಿ ಇನ್ನೊಬ್ಬನಿಲ್ಲ. ಕಣ್ಣು ಅದೇ, ಗುಣ ಅದೇ, ಮುಂದಿರುವ ಮೊರ ಮಾತ್ರ ಬೇರೆ. ಹೀಗೆ 16ನೇ ಶತಮಾನದಲ್ಲಿ ‘ನೈಸ್’ ಅಂದರೆ ಸೂಕ್ಷ್ಮ, ನಿಖರ, ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಹಿಡಿಯುವ ಅನ್ನುವ ಹೊಗಳಿಕೆಯ ಅರ್ಥ ಬಂತು. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತಂದ ದೊಡ್ಡ ನಿಘಂಟಿನಲ್ಲಿ ಈ ಪದಕ್ಕೆ ಕೊಟ್ಟ ಮೊದಲ ಅರ್ಥವೇ ಕಟ್ಟುನಿಟ್ಟಾದ ನಿಖರತೆ. ಸೂಕ್ಷ್ಮವಾದದ್ದು ಅಂದ ಮೇಲೆ ರುಚಿಯುಳ್ಳದ್ದು, ರುಚಿಯುಳ್ಳದ್ದು ಅಂದ ಮೇಲೆ ಹಿತವಾದದ್ದು. ಅದೇ 18ನೇ ಶತಮಾನ ಮುಗಿಯುವುದರೊಳಗೆ ಈಗಿನ ‘ಚೆನ್ನಾಗಿದೆ’ ಅನ್ನುವ ಅರ್ಥ ಬೇರುಬಿಟ್ಟಿತ್ತು. ಈ ಮೆಟ್ಟಿಲುಗಳು ನಾನು ಹೇಳಿದಷ್ಟು ನೆಟ್ಟಗೆ ಒಂದರ ಮೇಲೊಂದು ಕೂತಿಲ್ಲ ಅನ್ನುವುದನ್ನೂ ಹೇಳಿಬಿಡಬೇಕು. ಹಳೆಯದು ಹೋಗುವ ಮುಂಚೆಯೇ ಹೊಸದು ಬಂದು ಕೂತಿರುತ್ತಿತ್ತು. ಆ ನಡುವಿನ ಕಾಲದ ಎಷ್ಟೋ ಸಾಲುಗಳಲ್ಲಿ ‘ನೈಸ್’ ಅಂದರೆ ಬೈದದ್ದೋ ಹೊಗಳಿದ್ದೋ ಅಂತ ನಿಘಂಟು ಮಾಡುವವರೇ ತಲೆ ಕೆರೆದುಕೊಳ್ಳುತ್ತಾರೆ.

ಈಗ ‘ನಿಜವಾದ ಅರ್ಥ’ದ ವಿಷಯ. ನಿಮ್ಮ ಸಹೋದ್ಯೋಗಿಯವರ ಲೆಕ್ಕ ಹಿಡಿದರೆ ಡಿಸೆಂಬರ್ ಹತ್ತನೇ ತಿಂಗಳಾಗಬೇಕು, ಏಕೆಂದರೆ ಲ್ಯಾಟಿನ್ನಿನಲ್ಲಿ ‘ಡೆಕೆಮ್’ ಅಂದರೆ ಹತ್ತು. ಅಷ್ಟು ದೂರ ಯಾಕೆ, ನಮ್ಮ ‘ಎಣ್ಣೆ’ ನೋಡಿ. ಎಳ್ಳು ಮತ್ತು ನೆಯ್ ಸೇರಿ ಆದ ಪದ ಅದು, ಅಂದರೆ ಎಳ್ಳಿನ ಜಿಡ್ಡು. ಸಂಸ್ಕೃತದ ‘ತೈಲ’ವೂ ತಿಲದಿಂದ ಬಂದದ್ದು, ಅದೂ ಎಳ್ಳೇ. ಇಂಗ್ಲಿಷಿನ ‘ಆಯಿಲ್’ ಆಲಿವ್ ಕಾಯಿಯಿಂದ ಬಂದದ್ದು. ಹಾಗಾದರೆ ಕೊಬ್ಬರಿ ಎಣ್ಣೆ ಅನ್ನುವುದು ತಪ್ಪೇ? ಸೀಮೆಎಣ್ಣೆಯಲ್ಲಿ ಎಳ್ಳು ಎಲ್ಲಿದೆ ಅಂತ ಯಾರಾದರೂ ಅಂಗಡಿಯವನ ಜೊತೆ ಜಗಳಕ್ಕೆ ನಿಂತಿದ್ದಾರಾ? ಪದ ಹುಟ್ಟಿದ ಊರು ಒಂದು, ಈಗ ಅದು ಸಂಸಾರ ಮಾಡುತ್ತಿರುವ ಊರು ಇನ್ನೊಂದು. ವಿಳಾಸ ಕೇಳಿದವರಿಗೆ ಈಗಿನದನ್ನೇ ಕೊಡಬೇಕು, ಅಲ್ವಾ? ನೀವು ಧೈರ್ಯವಾಗಿ ನೈಸ್ ಅಂತ ಬರೆಯಿರಿ. ಆ ಸಹೋದ್ಯೋಗಿಯವರ ನೋಟ್‌ಬುಕ್ಕು ಸಿಕ್ಕರೆ ಅದರಲ್ಲೂ ಬರೆಯಿರಿ, ಅವರು ಯಾವ ಅರ್ಥ ಬೇಕಾದರೂ ತೆಗೆದುಕೊಳ್ಳಲಿ.

ಪ್ರಶ್ನೆ: ಹೀಗೆ ಬೈಗುಳ ಹೊಗಳಿಕೆಯಾಗುವುದು ಇಂಗ್ಲಿಷಿನವರ ವಿಚಿತ್ರ ಅಭ್ಯಾಸವೇ? ನಮ್ಮಲ್ಲಿ ಇಂಥದ್ದು ಇದೆಯೇ? (ಪದವಿ ವಿದ್ಯಾರ್ಥಿ, ಉಡುಪಿ)

ಉತ್ತರ: ಇದೆ, ಮತ್ತು ನೈಸ್ ಪದದ ತದ್ರೂಪಿನಂಥದ್ದೇ ಒಂದಿದೆ. ‘ಮುಗ್ಧ’. ಈಗ ನಾವು ಮಗುವಿನ ನಗುವಿಗೆ ಮುಗ್ಧ ಅನ್ನುತ್ತೇವೆ, ಅದರಲ್ಲಿ ಮುದ್ದು ಬಿಟ್ಟರೆ ಬೇರೇನೂ ಇಲ್ಲ. ಆದರೆ ಅದರ ಸಂಸ್ಕೃತದ ಧಾತು ‘ಮುಹ್’, ಅಂದರೆ ಮಂಕಾಗು, ದಿಕ್ಕುತಪ್ಪು. ಅದೇ ಧಾತುವಿನಿಂದ ‘ಮೋಹ’ ಬಂತು, ಅದೇ ಧಾತುವಿನಿಂದ ‘ಮೂಢ’ ಬಂತು. ವ್ಯಾಕರಣದ ಪ್ರಕಾರ ಮೂಢ ಮತ್ತು ಮುಗ್ಧ ಎರಡೂ ಒಂದೇ ರೂಪದ ಎರಡು ಬಗೆ, ಅವಳಿಗಳು ಅನ್ನಿ. ಒಬ್ಬ ಮೂಢನಂಬಿಕೆಯ ಜೊತೆ ಸೇರಿ ಕೆಟ್ಟ. ಇನ್ನೊಬ್ಬ ಮಕ್ಕಳ ಜೊತೆ, ಕಾವ್ಯದ ನಾಯಕಿಯರ ಜೊತೆ ಸೇರಿ ಎಲ್ಲರಿಗೂ ಬೇಕಾದವನಾದ. ಏನೂ ಗೊತ್ತಿಲ್ಲದಿರುವುದು ಕೆಲವರಲ್ಲಿ ನಮಗೆ ಇಷ್ಟವಾಗುತ್ತದೆ, ಅಷ್ಟೇ ಇದರ ಗುಟ್ಟು.

ಉಲ್ಟಾ ನಡೆದದ್ದೂ ಇದೆ. ಇಂಗ್ಲಿಷಿನ ‘ಸಿಲ್ಲಿ’ ಈಗ ಪೆದ್ದುಪೆದ್ದು ಅನ್ನುವ ಮಾತು. ಹಳೆಯ ಇಂಗ್ಲಿಷಿನಲ್ಲಿ ಅದು ಧನ್ಯ, ದೇವರ ದಯೆ ಪಡೆದವನು ಅಂತ. ಜರ್ಮನ್ ಭಾಷೆಯಲ್ಲಿ ಅದರ ನೆಂಟ ‘ಜೇಲಿಶ್’ಗೆ ಇವತ್ತಿಗೂ ಆ ಪವಿತ್ರ ಅರ್ಥ ಇದೆ. ಧನ್ಯನಿಂದ ಸಾಧು, ಸಾಧುವಿನಿಂದ ಅಯ್ಯೋ ಪಾಪ ಅನ್ನಿಸುವವನು, ಅಲ್ಲಿಂದ ದಡ್ಡ. ನೈಸ್ ಮೇಲಕ್ಕೆ ಹತ್ತುತ್ತಿದ್ದ ಏಣಿಯಲ್ಲೇ ಸಿಲ್ಲಿ ಕೆಳಕ್ಕೆ ಇಳಿಯುತ್ತಿತ್ತು. ನಿಮ್ಮ ಉಡುಪಿ, ಮಂಗಳೂರು ಕಡೆ ‘ಅವ ಪಾಪದವ ಮಾರಾಯ’ ಅನ್ನುತ್ತೀರಲ್ಲ, ಅಲ್ಲಿ ‘ಪಾಪ’ ಏನು ಮಾಡಿದೆ ನೋಡಿ. ಪಾಪ ಮಾಡಿದವನು ಅಂತ ಯಾರಿಗೂ ಅನ್ನಿಸುವುದಿಲ್ಲ, ಸಾಧು ಮನುಷ್ಯ ಅಂತಲೇ ಅರ್ಥ. ಬೆಂಗಳೂರಿನವರು ‘ಪಾಪ’ ಅಂದರೂ ಅದು ಕನಿಕರವೇ. ನರಕಕ್ಕೆ ಕಳಿಸುವ ಪದ ಕನಿಕರದ ಪದ ಆಗಿಬಿಟ್ಟಿದೆ, ನಾವು ದಿನಕ್ಕೆ ಹತ್ತು ಸಲ ಹೇಳಿದರೂ ಗಮನಿಸುವುದಿಲ್ಲ.

‘ಫಾಂಡ್’ ಅಂತ ಇನ್ನೊಂದು ಪದ, ಪ್ರೀತಿ ಇರುವವನು ಅಂತ. ಅದೂ ಮೊದಲು ತಲೆಕೆಟ್ಟವನೇ. ಇದಕ್ಕೆ ವಿವರಣೆಯೇ ಬೇಡ, ನಮ್ಮ ಸಿನಿಮಾ ಹುಚ್ಚು, ಕ್ರಿಕೆಟ್ ಹುಚ್ಚು, ಮೊಮ್ಮಗಳ ಮೇಲೆ ಅಜ್ಜನ ಹುಚ್ಚು ಎಲ್ಲ ಇದೆಯಲ್ಲ.

ಪ್ರಶ್ನೆ: ನಮ್ಮ ಅತ್ತೆ ಇಂಗ್ಲಿಷ್ ಓದಿದವರಲ್ಲ. ಆದರೂ ‘ಚಟ್ನಿ ನೈಸಾಗಿ ರುಬ್ಬು’ ಅನ್ನುತ್ತಾರೆ. ಚಟ್ನಿ ‘ಚೆನ್ನಾಗಿ’ ಅಂತ ಅಲ್ಲ, ತರಿ ಇರಬಾರದು ಅಂತ ಅವರ ಅರ್ಥ. ಇದು ಇಂಗ್ಲಿಷಿನ ನೈಸೇ ಅಥವಾ ಬೇರೆಯದೇ? (ಗೃಹಿಣಿ, ದಾವಣಗೆರೆ)

ಉತ್ತರ: ಬಂದ ಪತ್ರಗಳಲ್ಲಿ ನನಗೆ ಅತಿ ಇಷ್ಟವಾದದ್ದು ಇದು. ಪದ ಇಂಗ್ಲಿಷಿನದೇ, ಅರ್ಥ ಮಾತ್ರ ನಿಮ್ಮ ಅತ್ತೆಯವರದು. ಅಂದರೆ ನಮ್ಮೆಲ್ಲರದು.

ಕನ್ನಡದ ನೈಸ್ ಎಲ್ಲೆಲ್ಲಿ ಓಡಾಡುತ್ತದೆ ನೋಡಿ. ಹಿಟ್ಟು ನೈಸಾಗಿ ಬೀಸಿಸಿಕೊಂಡು ಬಾ. ಬಡಗಿ ಮರಳುಕಾಗದ ಹಿಡಿದು ಬಾಗಿಲನ್ನು ಉಜ್ಜಿ ನೈಸ್ ಮಾಡುತ್ತಾನೆ. ಬಟ್ಟೆ ಅಂಗಡಿಯಲ್ಲಿ ಸೀರೆಯ ಸೆರಗನ್ನು ಬೆರಳಲ್ಲಿ ಹಿಡಿದು ‘ನೈಸಾಗಿದೆ’ ಅಂದರೆ ಬಣ್ಣದ ಮಾತಲ್ಲ, ಮುಟ್ಟಿದ ಅನುಭವದ ಮಾತು. ಪಂಕ್ಚರ್ ಅಂಗಡಿಯವನು ‘ಟೈರು ಸವೆದು ನೈಸಾಗಿದೆ ಸಾರ್’ ಅಂದರೆ ಅದು ಹೊಗಳಿಕೆ ಅಲ್ಲವೇ ಅಲ್ಲ, ಜೇಬಿಗೆ ಕೈ ಹಾಕಿ ಅಂತ. ಇಂಗ್ಲಿಷಿನವನು ಇದನ್ನೆಲ್ಲ ಕೇಳಿದರೆ ಅರ್ಥವಾಗದೆ ನಿಂತುಬಿಡುತ್ತಾನೆ. ಅವನ ನೈಸ್ ಮನಸ್ಸಿಗೆ ಆಗುವಂಥದ್ದು. ನಮ್ಮದು ಬೆರಳಿಗೆ ಆಗುವಂಥದ್ದು.

ಇಷ್ಟಕ್ಕೇ ನಿಲ್ಲಲಿಲ್ಲ. ‘ನೈಸಾಗಿ ಜಾರಿಕೊಂಡ’ ಅನ್ನುತ್ತೇವೆ. ಬಿಲ್ ಕೊಡುವ ಹೊತ್ತಿಗೆ ಫೋನ್ ಬಂದ ಹಾಗೆ ಮಾಡಿ ಹೋಟೆಲಿನಿಂದ ಆಚೆ ಹೋಗುವ ಗೆಳೆಯ ನಿಮಗೂ ಇದ್ದೇ ಇರುತ್ತಾನೆ. ‘ಅಪ್ಪನಿಗೆ ನೈಸ್ ಮಾಡಿ ದುಡ್ಡು ಇಸಕೊಂಡ’ ಅನ್ನುತ್ತೇವೆ, ಅಂದರೆ ಪುಸಲಾಯಿಸಿ, ಬೆಣ್ಣೆ ಹಚ್ಚಿ. ನುಣುಪಿನಿಂದ ಜಾರುವಿಕೆ, ಜಾರುವಿಕೆಯಿಂದ ಜಾಣ ಮೋಸ. ಈ ದಾರಿ ಇಂಗ್ಲಿಷ್ ನೈಸ್ ತುಳಿದದ್ದಲ್ಲ, ಆದರೆ ಕನ್ನಡದಲ್ಲಿ ಈ ದಾರಿ ಮೊದಲೇ ಇತ್ತು. ‘ನಯ’ ಅಂದರೆ ನುಣುಪು, ಮೃದು ಮಾತು. ಅದಕ್ಕೆ ವಂಚಕನನ್ನು ಸೇರಿಸಿ ‘ನಯವಂಚಕ’ ಅಂತ ಮಾಡಿಟ್ಟವರು ನಾವೇ. ‘ನುಣುಪು’ ಅನ್ನುವುದನ್ನೂ ‘ನುಣುಚಿಕೊಳ್ಳು’ ಅನ್ನುವುದನ್ನೂ ಪಕ್ಕಪಕ್ಕ ಇಟ್ಟು ಒಮ್ಮೆ ಜೋರಾಗಿ ಹೇಳಿ ನೋಡಿ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅನ್ನುವ ಗಾದೆಯಲ್ಲಂತೂ ನುಣ್ಣಗಿರುವುದನ್ನು ನಂಬಬೇಡ ಅನ್ನುವ ಎಚ್ಚರಿಕೆಯೇ ಇದೆ. ಕನ್ನಡಿಗರಿಗೆ ನುಣುಪಿನ ಮೇಲೆ ಆಸೆಯೂ ಇದೆ, ಗುಮಾನಿಯೂ ಇದೆ. ಚಟ್ನಿಯಲ್ಲಿ ಬೇಕು, ಮನುಷ್ಯನಲ್ಲಿ ಜಾಸ್ತಿ ಬೇಡ.

ಹಾಗಾಗಿ ನನ್ನ ಅಂದಾಜು ಇಷ್ಟು. ನೈಸ್ ನಮ್ಮಲ್ಲಿಗೆ ಬಂದಾಗ ‘ನಯ’, ‘ನುಣ್ಣಗೆ’ ಇವುಗಳ ಪಕ್ಕದಲ್ಲಿ ಕೂತಿತು, ನಕಾರದ ಸದ್ದೂ ಹತ್ತಿರದ್ದೇ, ಕೂತಲ್ಲೇ ಅವುಗಳ ಕೆಲಸ ಕಲಿಯಿತು. ತಮಾಷೆ ಏನೆಂದರೆ ಹಳೆಯ ಇಂಗ್ಲಿಷಿನಲ್ಲಿ ನೈಸ್‌ಗೆ ನವಿರು, ಸೂಕ್ಷ್ಮ ಅನ್ನುವ ಅರ್ಥ ಇತ್ತು ಅಂದೆನಲ್ಲ, ಅದು ಅಲ್ಲಿ ಮಾಸಿದೆ, ಇಲ್ಲಿ ದಾವಣಗೆರೆಯ ಮಿಕ್ಸಿಯಲ್ಲಿ ಅದಕ್ಕೆ ಹತ್ತಿರದ್ದೇ ಒಂದು ಅರ್ಥ ತಿರುಗುತ್ತಿದೆ. ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ಪ್ರಶ್ನೆ: ಕಾನೂನು ಓದುತ್ತಿದ್ದೇನೆ. ಹಳೆಯ ತೀರ್ಪೊಂದರಲ್ಲಿ ‘ಇದು ಕಾನೂನಿನ ಒಂದು ನೈಸ್ ಪಾಯಿಂಟ್’ ಅಂತ ಬಂತು. ನ್ಯಾಯಮೂರ್ತಿಗಳು ವಕೀಲರನ್ನು ಹೊಗಳುತ್ತಿದ್ದಾರೆ ಅಂದುಕೊಂಡೆ, ಮುಂದೆ ನೋಡಿದರೆ ಆ ವಕೀಲರೇ ಸೋತಿದ್ದಾರೆ. (ಧಾರವಾಡ)

ಉತ್ತರ: ಹೊಗಳಿಕೆ ಅಲ್ಲ. ಅಲ್ಲಿ ನೈಸ್ ಅಂದರೆ ತುಂಬಾ ಸೂಕ್ಷ್ಮವಾದ, ಆ ಕಡೆಗೂ ಈ ಕಡೆಗೂ ವಾಲಬಹುದಾದ, ಎಚ್ಚರಿಕೆಯಿಂದ ಬಿಡಿಸಬೇಕಾದ ಅಂತ. ಜಾನ್ಸನ್ ಕಾಲದ ಅರ್ಥ ಕೋರ್ಟಿನಲ್ಲಿ ಇನ್ನೂ ಕೋಟು ಹಾಕಿಕೊಂಡು ಕೂತಿದೆ. ‘ನೈಸ್ ಡಿಸ್ಟಿಂಕ್ಷನ್’ ಅಂದರೂ ಕೂದಲೆಳೆಯ ವ್ಯತ್ಯಾಸ ಅಂತಲೇ. ‘ನೈಸಿಟಿ’ ಅನ್ನುವುದರಲ್ಲೂ ಅದೇ ಉಳಿದಿದೆ.

ಈ ಅರ್ಥ ಗೊತ್ತಿಲ್ಲದಿದ್ದರೆ ಇತಿಹಾಸ ಓದುವಾಗಲೂ ಎಡವುತ್ತೇವೆ. 1815ರ ಜೂನ್ 18ರಂದು ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲಿಂಗ್ಟನ್ ಗೊತ್ತಲ್ಲ? ನಮಗೆ ಅವನು ಹಳೆಯ ಪರಿಚಯ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಶ್ರೀರಂಗಪಟ್ಟಣದ ಆಡಳಿತ ನೋಡಿಕೊಂಡ ಆರ್ಥರ್ ವೆಲ್ಲೆಸ್ಲಿಯೇ ಆಮೇಲೆ ವೆಲ್ಲಿಂಗ್ಟನ್ ಆದದ್ದು. ವಾಟರ್ಲೂ ಮುಗಿದ ಮೇಲೆ ಅವನು ಆ ಯುದ್ಧವನ್ನು ‘ನೈಸ್ ಥಿಂಗ್’ ಅಂದ. ಸಾವಿರಾರು ಜನ ಸತ್ತು ಬಿದ್ದಿರುವಾಗ ಇದೇನು ಮಾತು ಅನ್ನಿಸುತ್ತದೆ. ಅವನು ಹೇಳಿದ್ದು ಚೆನ್ನಾಗಿತ್ತು ಅಂತ ಅಲ್ಲ, ಸ್ವಲ್ಪದರಲ್ಲಿ ತಪ್ಪಿತು, ಕೂದಲೆಳೆಯಲ್ಲಿ ಗೆದ್ದೆವು ಅಂತ. ಷೇಕ್ಸ್‌ಪಿಯರ್ ಓದುವವರಿಗೆ ಇನ್ನೊಂದು ಗುಂಡಿ ಇದೆ. ರೋಮಿಯೋಗೆ ಕಳಿಸಿದ ಓಲೆ ತಲುಪಲಿಲ್ಲ ಅಂತ ಗೊತ್ತಾದಾಗ ಪಾದ್ರಿ, ಆ ಓಲೆ ‘ನೈಸ್’ ಆಗಿರಲಿಲ್ಲ ಅನ್ನುತ್ತಾನೆ. ಓಲೆಯ ಭಾಷೆ ಒರಟಾಗಿತ್ತು ಅಂತ ಅಲ್ಲ, ಅದು ಕ್ಷುಲ್ಲಕ ಓಲೆಯಲ್ಲ, ಭಾರೀ ಮುಖ್ಯವಾದದ್ದು ಅಂತ. ಸೂಕ್ಷ್ಮ ಅಂದರೆ ಸಣ್ಣದು, ಸಣ್ಣದು ಅಂದರೆ ಲೆಕ್ಕಕ್ಕಿಲ್ಲದ್ದು, ಹೀಗೆ ಅದಕ್ಕೆ ಆ ಅರ್ಥವೂ ಸ್ವಲ್ಪ ಕಾಲ ಅಂಟಿಕೊಂಡಿತ್ತು.

ಪ್ರಶ್ನೆ: ಪ್ರಬಂಧದಲ್ಲಿ ನೈಸ್ ಅಂತ ಬರೆದರೆ ನಮ್ಮ ಲೆಕ್ಚರರ್ ಕೆಂಪು ಗೆರೆ ಎಳೆಯುತ್ತಾರೆ. ಅದು ಸೋಮಾರಿಗಳ ಪದವಂತೆ. (ಪಿಯುಸಿ ವಿದ್ಯಾರ್ಥಿನಿ, ತುಮಕೂರು)

ಉತ್ತರ: ಕೆಂಪು ಗೆರೆಯ ವಿಷಯದಲ್ಲಿ ನಾನೂ ನಿನ್ನ ಜೊತೆಗಿದ್ದವನೇ ತಾಯಿ. ನಾನು ಓದುವಾಗ ಒಬ್ಬ ಮೇಷ್ಟ್ರು ನನ್ನ ಒಂದೇ ಪುಟದಲ್ಲಿ ಏಳು ನೈಸ್‌ಗಳಿಗೆ ಸುತ್ತು ಹಾಕಿ, ಕೆಳಗೆ ತಾವೇ ‘ನೈಸ್’ ಅಂತ ಬರೆದಿದ್ದರು. ಆಗ ಸಿಟ್ಟು ಬಂದಿತ್ತು. ಈಗ ಎಣಿಸಿಕೊಂಡರೆ ಏಳು ಜಾಸ್ತಿಯೇ.

ಈ ದೂರು ಹೊಸದಲ್ಲ. ಜೇನ್ ಆಸ್ಟಿನ್ ತೀರಿಕೊಂಡದ್ದು 1817ರ ಜುಲೈಯಲ್ಲಿ, ಅದೇ ವರ್ಷದ ಕೊನೆಗೆ ಅವಳ ‘ನಾರ್ಥ್ಯಾಂಗರ್ ಆ್ಯಬಿ’ ಕಾದಂಬರಿ ಹೊರಬಂತು. ಅದರಲ್ಲಿ ಹುಡುಗಿಯೊಬ್ಬಳು ತಾನು ಓದಿದ ಪುಸ್ತಕವನ್ನು ಬಾಯಿತುಂಬ ನೈಸ್ ಅನ್ನುತ್ತಾಳೆ. ಜೊತೆಗಿದ್ದ ಹೆನ್ರಿ ಅವಳ ಕಾಲೆಳೆಯುತ್ತಾನೆ. ನೈಸ್ ಅಂದರೆ ಅಚ್ಚುಕಟ್ಟು ಅಂತ ತಾನೇ, ಹಾಗಾದರೆ ಅದು ಪುಸ್ತಕದ ಬೈಂಡಿಂಗ್ ಮೇಲೆ ಹೋಗುತ್ತದೆ ಅನ್ನುತ್ತಾನೆ. ಆಮೇಲೆ ಈ ದಿನವೂ ನೈಸ್, ನಮ್ಮ ತಿರುಗಾಟವೂ ನೈಸ್, ನೀವಿಬ್ಬರೂ ನೈಸ್, ಎಲ್ಲಕ್ಕೂ ಸಲ್ಲುವ ಪದ ಇದು ಅಂತ ಹಂಗಿಸುತ್ತಾನೆ. ಅಂದರೆ ಇನ್ನೂರು ವರ್ಷದ ಹಿಂದೆಯೇ ಇದು ಎಲ್ಲ ಬೀಗಕ್ಕೂ ಆಗುವ ಕೀಲಿಕೈ ಆಗಿಹೋಗಿತ್ತು. ಯುದ್ಧದ ಬಗ್ಗೆ ವೆಲ್ಲಿಂಗ್ಟನ್ ಹೇಳಿದ ನೈಸ್‌ಗೂ ಈ ಹುಡುಗಿಯ ನೈಸ್‌ಗೂ ನಡುವೆ ಎರಡೇ ಎರಡು ವರ್ಷ. ಒಂದೇ ಊರಿನಲ್ಲಿ ಎರಡೂ ಓಡಾಡುತ್ತಿದ್ದವು.

ಮಾತಿನಲ್ಲಿ ಬಳಸು, ಯಾರೂ ತಡೆಯುವುದಿಲ್ಲ. ಬರೆಯುವಾಗ ಮಾತ್ರ ಒಂದು ಕ್ಷಣ ನಿಂತು, ಯಾವ ರೀತಿ ಚೆನ್ನಾಗಿತ್ತು ಅಂತ ನಿನ್ನನ್ನೇ ಕೇಳಿಕೋ. ನಾವೂ ‘ಚೆನ್ನಾಗಿದೆ’ಯನ್ನು ಹೀಗೇ ಸವೆಸಿದ್ದೇವೆ. ಊಟ ಚೆನ್ನಾಗಿತ್ತು, ಮದುವೆ ಚೆನ್ನಾಗಿತ್ತು, ಭಾಷಣ ಚೆನ್ನಾಗಿತ್ತು. ‘ಚೆನ್ನಾಗಿ ಬೈದರು’ ಅಂತಲೂ ಅನ್ನುತ್ತೇವೆ, ಅದರಲ್ಲಿ ಚೆನ್ನ ಎಲ್ಲಿ ಬಂತೋ! ಇಂಗ್ಲಿಷಿನವರು ಬಿಸಿ ಕಾಫಿಗೆ ‘ನೈಸ್ ಆ್ಯಂಡ್ ಹಾಟ್’ ಅಂದಾಗಲೂ ಅಲ್ಲಿನ ನೈಸ್ ನಮ್ಮ ‘ಒಳ್ಳೇ ಖಾರ’ದಲ್ಲಿರುವ ಒಳ್ಳೇ ಇದ್ದ ಹಾಗೆ, ಜೋರು ಮಾಡಲು ಮಾತ್ರ.

ಪ್ರಶ್ನೆ: ಬೆಂಗಳೂರಿನ ನೈಸ್ ರೋಡಿಗೂ ಈ ನೈಸ್‌ಗೂ ಸಂಬಂಧ ಇದೆಯಾ? ಫ್ರಾನ್ಸಿನಲ್ಲೂ ಆ ಹೆಸರಿನ ಊರಿದೆಯಂತೆ. (ಕ್ಯಾಬ್ ಚಾಲಕ, ಕೆಂಗೇರಿ)

ಉತ್ತರ: ಮೂರಕ್ಕೂ ಸಂಬಂಧ ಇಲ್ಲ. ನಮ್ಮ ರಸ್ತೆಯದು ಕಂಪನಿಯ ಹೆಸರಿನ ಮೊದಲಕ್ಷರಗಳು, ನಂದಿ ಇನ್‌ಫ್ರಾಸ್ಟ್ರಕ್ಚರ್ ಕಾರಿಡಾರ್ ಎಂಟರ್‌ಪ್ರೈಸಸ್. ಅಕ್ಷರ ಹಾಗೆ ಕೂಡಿಬರಲಿ ಅಂತ ಯಾರೋ ತಲೆ ಓಡಿಸಿರಬೇಕು ಅನ್ನುವುದು ನನ್ನ ಗುಮಾನಿ. ಫ್ರಾನ್ಸಿನ ಊರನ್ನು ‘ನೀಸ್’ ಅನ್ನಬೇಕು. ಗ್ರೀಕರು ಕಟ್ಟಿದ ಊರು ಅದು, ಹಳೆಯ ಹೆಸರು ನಿಕಾಯಾ, ಗೆಲುವಿನ ದೇವತೆ ‘ನಿಕೆ’ಯಿಂದ ಬಂದದ್ದು. ಬೂಟಿನ ಕಂಪನಿ ನೈಕಿಯ ಹೆಸರೂ ಅದೇ ದೇವತೆಯದು, ಹಾಗಾಗಿ ಆ ಊರಿಗೆ ನೆಂಟಸ್ತನ ಇರುವುದು ಬೂಟಿನ ಜೊತೆ. ಇನ್ನು ಸಕ್ಕರೆ ಉದುರಿಸಿದ, ಕೊಬ್ಬರಿ ವಾಸನೆಯ ಒಂದು ಬಿಸ್ಕತ್ತಿನ ಮೇಲೂ ಈ ನಾಲ್ಕು ಅಕ್ಷರ ಅಚ್ಚಾಗಿರುತ್ತದೆ. ಅದನ್ನು ನೈಸ್ ಅನ್ನಬೇಕೋ ನೀಸ್ ಅನ್ನಬೇಕೋ ಅಂತ ಇಂಗ್ಲೆಂಡಿನವರು ಇಂದಿಗೂ ಕಿತ್ತಾಡುತ್ತಾರೆ. ಚಹಾದಲ್ಲಿ ಅದ್ದಿದರೆ ಎರಡೂ ಒಂದೇ.

ಪ್ರಶ್ನೆ: ನೈಸ್‌ಗೆ ಸರಿಯಾದ ಕನ್ನಡ ಪದ ಕೊಡಿ, ಅಚ್ಚ ಕನ್ನಡದ್ದು. (ಐಟಿ ಉದ್ಯೋಗಿ, ಮೈಸೂರು)

ಉತ್ತರ: ಒಂದೇ ಬೇಕು ಅಂದರೆ ಕಷ್ಟ. ಸೊಗಸು ಇದೆ, ಚೆಂದ ಇದೆ, ಧಾರವಾಡದ ಚಲೋ ಇದೆ. ಮಲೆನಾಡಿನ ‘ಅಡ್ಡಿಲ್ಲ’ ಅಂತೂ ನನಗೆ ಬಹಳ ಇಷ್ಟ. ಹೊಗಳಿದ ಹಾಗೂ ಇರಬೇಕು, ತಲೆಗೇರಲೂ ಬಾರದು, ಅಂಥ ಅಳತೆಯ ಪದ ಅದು.

ಅಚ್ಚ ಕನ್ನಡದ್ದೇ ಆಗಬೇಕು ಅನ್ನುವ ಹಟ ಮಾತ್ರ ಬಿಡಿ. ನೀವು ಆಫೀಸಿನಲ್ಲಿ ದಿನವೂ ‘ಸಖತ್’ ಅನ್ನುತ್ತೀರಿ ಅಂತ ಬಾಜಿ ಕಟ್ಟುತ್ತೇನೆ. ಅದು ಪಾರಸಿಯಿಂದ ಉರ್ದುವಿನ ಮೂಲಕ ಬಂದದ್ದು, ಅಲ್ಲಿ ‘ಸಖ್ತ್’ ಅಂದರೆ ಗಟ್ಟಿ, ಕಠಿಣ, ಕಟ್ಟುನಿಟ್ಟು. ಸಖತ್ ದೋಸೆ ಅಂದರೆ ಉರ್ದುವಿನವರಿಗೆ ಹಲ್ಲು ಮುರಿಯುವ ದೋಸೆ. ದಕ್ಷಿಣ ಕನ್ನಡದ ‘ಲಾಯ್ಕ್’ ಕೂಡ ಹೊರಗಿನದೇ, ಅರಬ್ಬಿಯ ‘ಲಾಯಿಕ್’, ಯೋಗ್ಯ ಅಂತ. ಅಲ್ಲಿಯವರು ಪಾಯಸ ಲಾಯ್ಕುಂಟು ಅಂತ ಚಪ್ಪರಿಸುತ್ತಾರೆ, ನಮ್ಮ ಕಡೆ ಅದೇ ಪದಕ್ಕೆ ‘ನಾ’ ಸೇರಿಸಿ ನಾಲಾಯಕ್ ಅಂತ ಮಕ್ಕಳಿಗೆ ಬೈಯುತ್ತಾರೆ. ಮತ್ತೆ ಅದೇ ‘ನಾ’, ಇಲ್ಲ ಅನ್ನುವುದು. ಲ್ಯಾಟಿನ್ನಿನ ‘ನೆ’ಗೂ ಅದಕ್ಕೂ ನೆಂಟಸ್ತನ ಇದ್ದೇ ಇದೆ, ಪಾರಸಿಯೂ ಅದೇ ದೊಡ್ಡ ಕುಟುಂಬದ ಭಾಷೆ.

ಪ್ರಶ್ನೆ: ನೈಸ್‌ಗೆ ವಿರುದ್ಧ ಪದ ಏನು? ನಾಳೆ ಟೆಸ್ಟ್ ಇದೆ. (ಆರನೇ ತರಗತಿ, ಚಿತ್ರದುರ್ಗ)

ಉತ್ತರ: ಪತ್ರಿಕೆ ನಿನ್ನ ಕೈಗೆ ಬರುವ ಹೊತ್ತಿಗೆ ಟೆಸ್ಟ್ ಮುಗಿದಿರುತ್ತದೆ ಪುಟ್ಟಾ. ‘ನ್ಯಾಸ್ಟಿ’ ಅಂತ ಬರೆದಿದ್ದರೆ ಮಾರ್ಕ್ಸ್ ಬಂದಿರಬೇಕು. ಏಳುನೂರು ವರ್ಷದ ಹಿಂದೆ ಹುಟ್ಟಿದ್ದರೆ ‘ಜಾಣ’ ಅಂತ ಬರೆಯಬೇಕಿತ್ತು. ನಿನ್ನ ಅಜ್ಜಿಯನ್ನು ಕೇಳಿದ್ದರೆ ‘ತರಿತರಿ’ ಅಂದಿರುತ್ತಿದ್ದರು.